ಬಿಸ್ಕತ್ತಿನ ತಟ್ಟೆ

ಸುಗ್ಗಿಯ ಬಿಸಿಲು ಏರುತ್ತಿತ್ತು. ಬೋರೇಶ ತನ್ನ ಪಾತ್ರೆ ಅಂಗಡಿಯ ಮುಂದೆ ಬಿಂದಿಗೆ ಜೋಡಿಸುತ್ತಿದ್ದಾಗ, ಆಚೆ ಬೀದಿಯ ದೇವೀರಿ ಬಿಸ್ಕತ್ತು ಬೇಯಿಸುವ ತಟ್ಟೆಯನ್ನು ಹಿಡಿದುಕೊಂಡು ಮತ್ತೆ ಬಂದಳು.

"ಇದೂ ಆಗ್ಲಿಲ್ಲ ಕಣ್ರೀ. ಹೋದ ವಾರದ್ದು ಕಪ್ಪು ತಟ್ಟೆ, ಬಿಸ್ಕತ್ತು ಬೇಗ ಸೀದುಹೋಯ್ತು. ಇದು ತೀರಾ ತೆಳು. ನೋಡಿ, ತಳವೆಲ್ಲ ಕರಕಲು," ಎಂದು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದಳು.

ಬೋರೇಶ ಒಂದನ್ನು ಬಾಯಿಗೆ ಹಾಕಿಕೊಂಡು ಕಡಲೆ ಮಿಠಾಯಿ ತಿಂದಷ್ಟು ಖುಷಿಯಿಂದ ಚಪ್ಪರಿಸಿದ. ದಪ್ಪ ತಳದ, ಕಾದರೂ ಸೊಟ್ಟಗಾಗದ ಅಲ್ಯೂಮಿನಿಯಂ ತಟ್ಟೆ ಅಟ್ಟದ ಮೇಲಿರುವುದು ಅವನಿಗೆ ಮೊದಲಿನಿಂದಲೂ ಗೊತ್ತು. ಅದನ್ನು ಕೊಟ್ಟುಬಿಟ್ಟರೆ ಇವಳು ಮತ್ತೆ ಯಾಕೆ ಬರುತ್ತಾಳೆ? ಇನ್ನೊಂದು ತೆಳು ತಟ್ಟೆಗೇ ಕೈ ಹಾಕಿದ.

"ಲೋ, ಆ ಹುಡುಗೀನ ಎಷ್ಟು ಅಲೆದಾಡಿಸ್ತೀಯೋ?" ಒಳಗಿನಿಂದ ಬಂದ ಅವ್ವ ತಾನೇ ಸ್ಟೂಲು ಹತ್ತಿ ಅಟ್ಟದ ತಟ್ಟೆ ಇಳಿಸಿದಳು. ಬೆರಳಲ್ಲಿ ಬಡಿದು ತೋರಿಸಿದಳು. "ಇದು ಗಟ್ಟಿ ಮಾಲು ಮಗಾ. ನಿನ್ನ ಮಕ್ಕಳ ಕಾಲಕ್ಕೂ ಬರುತ್ತೆ."

ಬೋರೇಶನ ಮುಖ ಸಪ್ಪಗಾಯಿತು. ದೇವೀರಿಯ ಮುಖವೂ ಯಾಕೋ ಅರಳಲಿಲ್ಲ.

"ತಟ್ಟೆ ಇಟ್ಟ ಮೇಲೆ ಓವನ್ನಿನೊಳಗೆ ಸುತ್ತ ಬೆರಳಾಡುವಷ್ಟು ಜಾಗ ಇರ್ಬೇಕು, ಇಲ್ಲದಿದ್ರೆ ಬಿಸಿಗಾಳಿ ಓಡಾಡಲ್ಲ," ಎಂದಳು ಅವ್ವ. "ನಿನ್ನ ಓವನ್ ಎಷ್ಟಗಲ ಇದೆ, ಹೇಳು."

ದೇವೀರಿ ಬೋರೇಶನ ಕಡೆ ನೋಡಿದಳು. ಬರುತ್ತಿದ್ದ ನಗುವನ್ನು ತಡೆಯಲು ತುಟಿ ಕಚ್ಚಿಕೊಂಡಳು.

"ನಮ್ಮನೇಲಿ ಓವನ್ ಇಲ್ಲ ಅಮ್ಮಾ. ಈ ಸೀದ ಬಿಸ್ಕತ್ತನ್ನ ಬೇಕರಿಯವರು ಪುಕ್ಕಟೆ ಕೊಡ್ತಾರೆ."