ಕೊಡವಬಾರದ ಧೂಳು

ಬೆಳಗ್ಗೆ ಆರೂವರೆಗೆ ಫಿಟ್ಟರಮ್ಮ ಫಿಲ್ಟರ್ ಮನೆಯ ಕಬ್ಬಿಣದ ಏಣಿ ಹತ್ತಿ, ಧೂಳು ಕೊಡವುವ ಗಾಳಿಯ ಸ್ವಿಚ್ಚನ್ನೇ ಆರಿಸಿಬಿಟ್ಟಳು. ಹತ್ತು ಸೆಕೆಂಡಿಗೊಮ್ಮೆ ಧಡ್ ಎನ್ನುತ್ತಿದ್ದ ಸದ್ದು ನಿಂತದ್ದೇ ತಡ, ಸಿಮೆಂಟ್ ಕಾರ್ಖಾನೆಯ ಹೊಸ ಎಂಜಿನಿಯರ್ ಏದುಸಿರು ಬಿಡುತ್ತ ಮೇಲೆ ಓಡಿ ಬಂದ.

"ಏನ್ ಫಿಟ್ಟರಮ್ಮ, ತಲೆಗಿಲೆ ಕೆಟ್ಟಿದೆಯಾ ನಿಮಗೆ? ಹನ್ನೊಂದಕ್ಕೆ ಮಾಲಿನ್ಯ ಇಲಾಖೆಯವರು ಬರ್ತಾರೆ. ಚಿಮಣಿಲಿ ಧೂಳು ಕಂಡ್ರೆ ಇವತ್ತೇ ಬೀಗ. ಇರೋ ಕ್ಲೀನಿಂಗನ್ನೂ ನಿಲ್ಲಿಸಿದ್ರೆ ಹೇಗೆ?"

"ಕ್ಲೀನ್ ಮಾಡಿ ಮಾಡಿಯೇ ಸಾರ್ ಹೀಗಾಗಿರೋದು."

ಕೇಳಲು ಹುಚ್ಚು ಮಾತು. ಆದರೆ ಅದು ಹನ್ನೆರಡು ವರ್ಷ ಅದೇ ಮನೆಯಲ್ಲಿ ಧೂಳು ತಿಂದವಳ ಮಾತು. ಕುಲುಮೆಯ ಹೊಗೆ ಚಿಮಣಿಗೆ ಹೋಗುವ ಮುನ್ನ ಅಲ್ಲಿ ತೂಗುಬಿಟ್ಟ ಸಾವಿರ ಬಟ್ಟೆ ಚೀಲಗಳಲ್ಲಿ ಸೋಸಿ ಹೋಗಬೇಕು. ಹತ್ತು ದಿನದ ಹಿಂದಷ್ಟೇ ಎಲ್ಲ ಚೀಲಗಳನ್ನೂ ಬದಲಾಯಿಸಿದ್ದರು. ದುಬಾರಿ ಬಟ್ಟೆ, ಕೊಳೆಯಾಗಬಾರದೆಂದು ಎಂಜಿನಿಯರ್ ಬಿಡುವಿಲ್ಲದೆ ಗಾಳಿ ಹೊಡೆಸಿ ಕೊಡವಿಸುತ್ತಿದ್ದ. ಚಿಮಣಿಯೋ ಮೊದಲಿಗಿಂತ ಜೋರಾಗಿ ಬೂದಿ ಉಗುಳುತ್ತಿತ್ತು.

"ಬರೀ ಬಟ್ಟೆ ಸಣ್ಣ ಧೂಳು ಹಿಡಿಯಲ್ಲ ಸಾರ್. ಅದರ ಮೇಲೆ ಧೂಳಿನದೇ ತೆಳ್ಳಗೆ ಒಂದು ಪದರ ಕೂತ್ಕೋಬೇಕು. ಹಿಂದೆ ಬರೋ ಧೂಳನ್ನ ಹಿಡಿಯೋದು ಆ ಪದರ. ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು ಅಂತಾರಲ್ಲ, ಹಾಗೆ. ನೀವು ಅದನ್ನ ಕೂರೋಕೇ ಬಿಡ್ತಿಲ್ಲ."

"ಪದರ ದಪ್ಪ ಆಗಿ ಉಸಿರು ಕಟ್ಟಿದ್ರೆ? ಒತ್ತಡದ ಮೀಟರ್ ನೂರೈವತ್ತು ದಾಟಿದ್ರೆ ಕುಲುಮೆನೇ ನಿಲ್ಲಿಸ್ಬೇಕಾಗುತ್ತೆ."

"ದಾಟೋಕೆ ಬಿಟ್ರೆ ತಾನೇ? ನಾನಿಲ್ಲೇ ಕೂತಿರ್ತೀನಿ."

"ಹೆಚ್ಚು ಕಡಿಮೆ ಆದ್ರೆ ನಿಮ್ಮ ಕೆಲಸ ಹೋಗುತ್ತೆ."

ಅದು ಆಕೆಗೂ ಗೊತ್ತಿತ್ತು. ಅವಳ ಸಂಕಟ ಅಷ್ಟೇ ಆಗಿರಲಿಲ್ಲ. ಇಲಾಖೆಗೆ ದೂರು ಕೊಟ್ಟವರು ಬೇರೆ ಯಾರೂ ಅಲ್ಲ, ಕಾರ್ಖಾನೆಯ ಗೋಡೆಗೆ ತಾಗಿದ ಮನೆಯಲ್ಲಿದ್ದ ಅವಳ ಅತ್ತೆಯೇ. ವರ್ಷದಿಂದ ಉಬ್ಬಸ, ಕಿಟಕಿ ತೆಗೆದರೆ ಕೆಮ್ಮು. ಚಿಮಣಿ ಹೀಗೇ ಉಗುಳಿದರೆ ಅತ್ತೆಯ ಎದೆ, ಬೀಗ ಬಿದ್ದರೆ ಮನೆ ನಡೆಸುವ ಸಂಬಳ. ಅತ್ತ ದರಿ, ಇತ್ತ ಪುಲಿ. ಫಿಟ್ಟರಮ್ಮ ಮೀಟರ್ ಎದುರು ಸ್ಟೂಲ್ ಎಳೆದುಕೊಂಡು ಕೂತಳು.

ಏಳೂವರೆಗೆ ತೊಂಬತ್ತು. ಒಂಬತ್ತಕ್ಕೆ ನೂರಹತ್ತು. ಚಿಮಣಿಯ ಹೊಗೆ ಇನ್ನೂ ಬೂದು ಬಣ್ಣದಲ್ಲೇ ಇತ್ತು. ಹತ್ತೂವರೆಗೆ ನೂರನಲವತ್ತು. ಎಂಜಿನಿಯರ್ ಎರಡು ಸಲ ಸ್ವಿಚ್ಚಿಗೆ ಕೈ ಚಾಚಿದ, ಎರಡು ಸಲವೂ ಆಕೆ ಆ ಕೈಯನ್ನು ಮೆಲ್ಲಗೆ ಸರಿಸಿದಳು. ನೂರನಲವತ್ತೈದಕ್ಕೆ ತಾನೇ ಎದ್ದು, ಒಂದು ಸಾಲಿನ ಚೀಲಗಳಿಗೆ ಮಾತ್ರ ಒಂದೇ ಒಂದು ಸಲ ಗಾಳಿ ಬಿಟ್ಟಳು. ಮೀಟರ್ ತುಸು ಇಳಿಯಿತು. ಅಷ್ಟರಲ್ಲಿ ಗೇಟಿನಲ್ಲಿ ಜೀಪಿನ ಹಾರ್ನ್ ಕೇಳಿಸಿತು. ಇಬ್ಬರೂ ಏಣಿ ಇಳಿದು ಅಂಗಳಕ್ಕೆ ಬಂದರು.

ಅಧಿಕಾರಿಯ ಹಿಂದೆಯೇ ಅತ್ತೆಯೂ ಬಂದಿದ್ದರು, ದೂರು ಕೊಟ್ಟವರ ಹಕ್ಕಿನಿಂದ. ಅಧಿಕಾರಿ ತಲೆಯೆತ್ತಿ ಚಿಮಣಿ ನೋಡಿದ. ಮುಖ ಗಂಟಿಕ್ಕಿದ.

"ಎಷ್ಟು ಹೊತ್ತಿಗೆ ನಿಲ್ಲಿಸಿದ್ರಿ ಕಾರ್ಖಾನೆ? ಇದೆಲ್ಲ ಹಳೇ ಆಟ ಕಣ್ರೀ. ನಾವು ಬರೋ ದಿನ ಬಂದ್, ನಾವು ಬೆನ್ನು ತಿರುಗಿಸಿದ ಕೂಡಲೇ ಶುರು."

ಎಂಜಿನಿಯರ್ ಆಗ ಮೊದಲ ಸಲ ತಲೆಯೆತ್ತಿದ. ಚಿಮಣಿಯ ಬಾಯಿಯ ಮೇಲೆ ಬಿಸಿಗಾಳಿ ಸಣ್ಣಗೆ ನಡುಗುತ್ತಿತ್ತು. ಅದರಾಚೆ ಬರೀ ನೀಲಿ ಆಕಾಶ. ಅವನು ಅಧಿಕಾರಿಯ ತೋಳು ಹಿಡಿದು ಕುಲುಮೆಯ ಹತ್ತಿರ ಕರೆದುಕೊಂಡು ಹೋದ. ಆ ದೈತ್ಯ ಕೊಳವೆ ಹೊಟ್ಟೆಯಲ್ಲಿ ಬೆಂಕಿ ತುಂಬಿಕೊಂಡು ಗರಗರ ತಿರುಗುತ್ತಿತ್ತು. ಅಧಿಕಾರಿ ಬೆವರೊರೆಸಿಕೊಂಡು ಹೊರಬಂದು, ಚಿಮಣಿಗೆ ಧೂಳು ಅಳೆಯುವ ತನ್ನ ಯಂತ್ರ ಹಚ್ಚಿಸಿದ. ಮಿತಿ ಮೂವತ್ತು. ಬಂದದ್ದು ಒಂಬತ್ತು!

"ಇವರು ಮಾಡಿದ್ದು ಸಾರ್! ನಾನು ಬರೀ ಕೆಡಿಸಿದ್ದು!" ಎಂದು ಎಂಜಿನಿಯರ್ ಅಂಗಳವೆಲ್ಲ ಕೇಳುವಂತೆ ಕೂಗಿದ. ಕೆಲಸಗಾರರು ಚಪ್ಪಾಳೆ ತಟ್ಟಿದರು. ಅಡಿಯಿಂದ ಮುಡಿಯವರೆಗೆ ಬೂದಿಯಾಗಿದ್ದ ಫಿಟ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ, ಅಳುವೂ ತಡೆಯಲಾಗಲಿಲ್ಲ.

ಅಧಿಕಾರಿ ಕಾಗದ ಮುಂದೆ ಹಿಡಿದ. "ಅಮ್ಮಾ, ಇನ್ನೇನು, ನಿಮ್ಮ ದೂರು ವಾಪಸ್ ತಗೊಳ್ಳಿ. ಇಲ್ಲೊಂದು ಸಹಿ ಹಾಕಿ."

ಅತ್ತೆ ಪೆನ್ನು ಮುಟ್ಟಲಿಲ್ಲ. ಎಳೆದೆಳೆದು ಉಸಿರಾಡುತ್ತಲೇ ಸೊಸೆಯ ಹತ್ತಿರ ಹೋಗಿ, ಅವಳ ಕೆನ್ನೆಯ ಬೂದಿಯನ್ನು ಅಂಗೈಯಿಂದ ಒರೆಸಿದರು.

"ಇವತ್ತು ನನ್ನ ಸೊಸೆ ಇದ್ಳು, ಸರಿ. ಇವಳು ರಜಾ ಹಾಕಿದ ದಿನ? ಆ ದೂರು ನಿಮ್ಮ ಹತ್ರಾನೇ ಇರ್ಲಿ ಸಾಹೇಬ್ರೇ."