ಎರಡೇ ಉಳಿದಿವೆ

“ನೋಡು ಧನು, ಮೂರು ದಿನದಿಂದ ಎರಡೇ ಉಳಿದವೆ ಅಂತೈತೆ. ಯಾರಿಗೂ ಮಾರ್ದೆ ನಂಗೋಸ್ಕರಾನೇ ಇಟ್ಟವ್ರೆ, ಪುಣ್ಯಾತ್ಮರು!” ಎನ್ನುತ್ತಾ ಪಕ್ಕದ ಮನೆಯ ನರಸಮ್ಮ ತನ್ನ ಫೋನನ್ನು ಧನುಶ್ರೀಯ ಕೈಗಿಟ್ಟಳು. ಹಸಿರು ಸೀರೆ. ಅದರ ಕೆಳಗೆ ಕೆಂಪಕ್ಷರದಲ್ಲಿ ‘ಎರಡೇ ಉಳಿದಿವೆ, ಬೇಗ ಕೊಳ್ಳಿ’.

ಆ ಸಾಲು ಬರೆದವಳು ಧನುಶ್ರೀಯೇ. ಉರಿಗಾಂನ ಮನೆಯಲ್ಲಿ ಕೂತೇ ಆ ಆನ್‌ಲೈನ್ ಸೀರೆ ಅಂಗಡಿಗೆ ಕೆಲಸ ಮಾಡುವವಳು. ಅಂಗಡಿಯ ಪುಟಕ್ಕೆ ಬಂದವರಲ್ಲಿ ಅರ್ಧ ಜನಕ್ಕೆ ಸಾಲು ಕಾಣುತ್ತದೆ, ಇನ್ನರ್ಧ ಜನಕ್ಕೆ ಇಲ್ಲ. ಯಾವ ಗುಂಪು ಹೆಚ್ಚು ಕೊಳ್ಳುತ್ತದೆಂದು ನೋಡುವ ಪರೀಕ್ಷೆ. ಯಾರು ಯಾವ ಗುಂಪೆಂದು ಅವರವರ ಫೋನಿನಲ್ಲಿ ಕೂತ ಕುಕಿ ಎಂಬ ಗುರುತು ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ನರಸಮ್ಮನಿಗೆ ತಿಂಗಳು ಕಳೆದರೂ ಎರಡೇ. ಬಂಗಾರಪೇಟೆಯ ಗೋದಾಮಿನಲ್ಲಿ ಆ ಸೀರೆ ಮೂಟೆಗಟ್ಟಲೆ ಬಿದ್ದಿತ್ತು.

“ನರಸಮ್ಮತ್ತೆ, ಅದು…” ಎಂದು ಬಾಯಿ ತೆರೆದಳು. ಅಷ್ಟರಲ್ಲಿ ನರಸಮ್ಮ ದನಿ ತಗ್ಗಿಸಿದಳು: “ಒಂದು ನಂಗೆ ಬುಕ್ ಮಾಡ್ಕೊಡು. ಇನ್ನೊಂದು ಬೇರೆಯವ್ರ ಪಾಲಾಗೋಕ್ ಮುಂಚೆ ನೀನು ತಗೊಂಬಿಡು ಕಣಮ್ಮ. ಬೀದೀಲಿ ಯಾರಿಗೂ ಏಳಿಲ್ಲ, ನಿಂಗೇ ಸಿಗ್ಲಿ ಅಂತ ಓಡ್ಬಂದೆ.”

ಧನುಶ್ರೀ ಮೇಜಿನ ಮೇಲಿದ್ದ ತನ್ನ ಫೋನನ್ನು ಮೆಲ್ಲಗೆ ಬೋರಲು ಹಾಕಿದಳು. ಅದರಲ್ಲಿ ಅದೇ ಹಸಿರು ಸೀರೆ ಇತ್ತು, ಕೆಂಪಕ್ಷರ ಇರಲಿಲ್ಲ.