ತೊಂಬತ್ತಮೂರನೆಯ ಹಂತ

ಹನ್ನೊಂದನೆಯ ದಿನವೂ ಹಯವದನ ಮೊಬೈಲು ಹಿಡಿದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಇಂದಿರಾ ಬಾಗಿಲಿಗೆ ಕಿವಿಯಿಟ್ಟಳು. ಪಿಸುಮಾತಿಲ್ಲ, ನಗುವಿಲ್ಲ. ಆಗಾಗ 'ಟೊಂಯ್' ಎಂಬ ಸದ್ದು ಮಾತ್ರ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡ ಈ ವಯಸ್ಸಿನಲ್ಲಿ ಚಿಲಕ ಹಾಕಿಕೊಂಡು ಫೋನು ನೋಡಿದರೆ ಹೆಂಡತಿ ಏನಂದುಕೊಳ್ಳಬೇಕು, ನೀವೇ ಹೇಳಿ.

ಬಾಗಿಲು ತೆರೆದದ್ದೇ ಫೋನು ಕಸಿದುಕೊಂಡಳು. ಪರದೆಯ ಮೇಲೆ ಯಾವ ಹೆಂಗಸೂ ಇರಲಿಲ್ಲ. ಎಂಟು ಬಾಟಲಿಗಳಿದ್ದವು. ಒಳಗೆ ಪದರ ಪದರವಾಗಿ ಬಣ್ಣದ ನೀರು. ಒಂದರಿಂದ ಇನ್ನೊಂದಕ್ಕೆ ಸುರಿದು, ಬಾಟಲಿಗೊಂದೇ ಬಣ್ಣ ಉಳಿಯುವಂತೆ ಮಾಡುವ ಆಟ. ಹಂತ ತೊಂಬತ್ತಮೂರು.

"ಅಯ್ಯೋ ರಾಮ! ಇದಕ್ಕಾ ಚಿಲಕ?"

"ಸಿಕ್ಕಿಹಾಕ್ಕೊಂಡಿದೀನಿ ಕಣೇ. ಹೊರಗೆ ಬರೋ ದಾರಿನೇ ಕಾಣ್ತಿಲ್ಲ."

ಇಂದಿರಾ ಸೋಫಾದಲ್ಲಿ ಕೂತು ನಾಲ್ಕೇ ನಿಮಿಷದಲ್ಲಿ ಹಂತ ಮುಗಿಸಿದಳು. ಮತ್ತೆ ಮೊದಲಿಂದ ತೆರೆದು ಪಾಠ ಶುರುಮಾಡಿದಳು.

"ನೋಡ್ರೀ, ಮೊದಲು ಒಂದು ಬಾಟ್ಲಿ ಖಾಲಿ ಮಾಡ್ಕೋಬೇಕು. ಏನೇ ಆದ್ರೂ ಅದನ್ನ ಬೇಗ ತುಂಬಬಾರದು. ತಳದಲ್ಲಿ ಯಾವ ಬಣ್ಣ ಹೂತಿದೆಯೋ ಅದರ ಮೇಲಿನ ಭಾರ ಇಳಿಸ್ತಾ ಹೋಗಿ. ಜೋಡಿ ಸಿಕ್ತು ಅಂತ ಆತುರಕ್ಕೆ ಸುರಿದ್ರೆ ದಾರಿ ಮುಚ್ಚಿಹೋಗತ್ತೆ. ಎಲ್ಲಿ, ಹಸಿರಿನ ಮೇಲೆ ಹಸಿರು ಹಾಕಿ."

ಹಯವದನ ಹಸಿರನ್ನು ಎತ್ತಿ ನೀಲಿಯ ಮೇಲೆ ಸುರಿಯಲು ಹೋದ. ಟೊಂಯ್.

"ಹಸಿರು ಅಂದೆ."

"ಹಸಿರೇ ಅಲ್ವಾ ಅದು?"

ನಗಲು ಹೋದ ಇಂದಿರಾ ಅರ್ಧಕ್ಕೇ ನಿಲ್ಲಿಸಿದಳು. ಹಯವದನ ರೈಲು ಓಡಿಸುವವನು. ಹಾಸನದಿಂದ ಬಂದು ವಡೋದರಾ, ಸೂರತ್ ನಡುವಿನ ಹಳಿಗಳ ಮೇಲೆ ಹದಿನಾರು ವರ್ಷ ಕಳೆದವನು. ಸಿಗ್ನಲಿನ ಬಣ್ಣ ತಿಳಿಯದವನನ್ನು ಇಂಜಿನ್ ಹತ್ತಿಸುವುದಿಲ್ಲ. ಬರುವ ಸೋಮವಾರವೇ ಕಣ್ಣಿನ ಪರೀಕ್ಷೆ. ಫೇಲಾದರೆ ಯಾವುದೋ ಆಫೀಸಿನ ಮೂಲೆಯಲ್ಲಿ ಕೂರಿಸುತ್ತಾರೆ. ಇಂಜಿನ್ ಎಂದರೆ ಮಗನಿಗೆ ಪ್ರಾಣ ಎಂದು ಮದುವೆಮನೆಯಲ್ಲೇ ಅತ್ತೆ ಹೇಳಿದ್ದರು. ಇಂಜಿನ್ ಬಿಡಿಸಿದರೆ ಈ ಮನುಷ್ಯ ಉಳಿಯುತ್ತಾನೆಯೇ?

"ಯಾರಿಗೂ ಹೇಳಬೇಡಿ. ನಾನು ಕಲಿಸ್ತೀನಿ," ಎಂದಳು.

ತಪ್ಪು ಎಂದು ಅವಳಿಗೂ ಗೊತ್ತಿತ್ತು. ಇಂಜಿನ್ನಿನ ಹಿಂದೆ ಸಾವಿರ ಜನ ಕೂತಿರುವ ಗಾಡಿ ಅದು. ಆದರೂ ಗಂಡನ ಮುಖ ನೋಡಿ ಫೋನು ಅವನ ಕೈಗಿಟ್ಟಳು. ನಾಲ್ಕು ದಿನ ಅದೇ ಹಂತ, ಅದೇ ಬಾಟಲಿಗಳು. "ಹಸಿರು ಹೊಳೆಯತ್ತೆ, ನೀಲಿ ಮಂಕಾಗಿರತ್ತೆ. ಹೊಳಪು ನೋಡ್ರೀ, ಬಣ್ಣ ಬಿಡಿ." ಹಯವದನ ಕೆಂಪು, ಹಳದಿಗಳಲ್ಲಿ ಒಮ್ಮೆಯೂ ಎಡವಲಿಲ್ಲ. ಹಸಿರು ಬಂದರೆ ಮಾತ್ರ ತಪ್ಪದೆ ನೀಲಿಗೆ ಹೋಗುತ್ತಿದ್ದ. ತಪ್ಪಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ. ಪಾಪ, ಎಷ್ಟು ಶ್ರದ್ಧೆ ಎಂದುಕೊಂಡಳು.

ಭಾನುವಾರ ಇಬ್ಬರೂ ಸ್ಕೂಟರಿನಲ್ಲಿ ಮಾರ್ಕೆಟ್ಟಿಗೆ ಹೋದರು. ಕೊತ್ತಂಬರಿ ಕಟ್ಟಿನಿಂದ ಹಣ್ಣೆಲೆಗಳನ್ನು ಒಂದೊಂದಾಗಿ ಕಿತ್ತುಹಾಕಿ ಅವನು ಚೀಲಕ್ಕೆ ಹಾಕಿದ. ವಾಪಸು ಬರುವಾಗ ಕಾಲೇಜು ಹುಡುಗಿಯೊಬ್ಬಳು ರಸ್ತೆಗೆ ಅಡ್ಡ ಬಂದಳು. ಅವಳು ಇನ್ನೂ ದೂರದಲ್ಲಿದ್ದಳು. ಹಯವದನ ಬ್ರೇಕು ಒತ್ತಿ ನಿಂತವನು ನಿಂತೇಬಿಟ್ಟ. ಹಿಂದಿನ ಗಾಡಿಗಳೆಲ್ಲ ಹಾರ್ನು ಹೊಡೆದವು.

"ಏನ್ರೀ, ಅವಳು ಕಾಣಿಸ್ಲಿಲ್ವಾ?"

"ಕಾಣಿಸ್ತು." ಬೆವರು ಒರೆಸಿಕೊಂಡ. "ಚೆನ್ನಾಗೇ ಕಾಣಿಸ್ತು."

ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡ ಇಂದಿರಾ ಆ ಸಂಜೆ ಇನ್ನೂ ಎರಡು ಗಂಟೆ ಆಟ ಆಡಿಸಿದಳು.

ಸೋಮವಾರ ಅವಳು ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೈಮುಗಿದು ಕೂತಳು. ಒಳಗೆ ಕತ್ತಲೆ ಕೋಣೆ. ನಿವೃತ್ತಿಯ ಅಂಚಿನ ಗುಜರಾತಿ ಡಾಕ್ಟರು ದೀಪ ತೋರಿಸುತ್ತ, ತಲೆ ಬಗ್ಗಿಸಿ ಗುರುತು ಹಾಕುತ್ತಿದ್ದರು. ಕೆಂಪು ದೀಪ ಹತ್ತಿತು. "ಲಾಲ್," ಎಂದ ಹಯವದನ. ಹಳದಿ ಹತ್ತಿತು. "ಪೀಲಿ." ಹಸಿರು ಹತ್ತಿತು.

"ನೀಲಿ," ಎಂದ.

ಡಾಕ್ಟರು ಗುರುತು ಹಾಕಿದರು. ಮತ್ತೆ ಹಸಿರು. ಮತ್ತೆ "ನೀಲಿ." ಡಾಕ್ಟರು ಖುಷಿಯಿಂದ ತಲೆಯೆತ್ತಿದರು.

"ಅರೇ ವಾಹ್! ಲೀಲಿ! ತಮೇ ತೋ ಸಾವ್ ಗುಜರಾತಿ ಥಈ ಗಯಾ!"

ಪೂರಾ ಗುಜರಾತಿಯವರೇ ಆಗಿಬಿಟ್ಟಿರಿ ಎಂಬ ಮೆಚ್ಚುಗೆ ಅದು. ಗುಜರಾತಿಯಲ್ಲಿ ಹಸಿರು ದೀಪಕ್ಕೆ 'ಲೀಲಿ ಬತ್ತಿ' ಎನ್ನುತ್ತಾರೆ. ಹದಿನಾರು ವರ್ಷ ಒಂದೂ ತಪ್ಪು ಮಾಡದ ಡ್ರೈವರು ಹಸಿರು ನೋಡಿ ಇನ್ನೇನು ಅಂದಾನು?

"ನೀಲಿ, ಸಾಬ್. ನೀಲಿ."

"ಹಾ ಹಾ, ಲೀಲಿ." ಠಸ್ಸೆ ಬಿತ್ತು. ಫಿಟ್.

ಹಯವದನ ಕಾಗದ ತೆಗೆದುಕೊಂಡು ಹೊರಗೆ ಬಂದ.

ಹೊರಗೆ ಕಾಗದ ನೋಡಿ ಇಂದಿರಾ ಅಲ್ಲೇ ಅತ್ತುಬಿಟ್ಟಳು. "ಗೆದ್ದುಬಿಟ್ರಿ! ಇನ್ನು ನಿಮ್ಮನ್ನ ಯಾರೂ ಇಂಜಿನ್‌ನಿಂದ ಇಳಿಸೋ ಹಾಗಿಲ್ಲ ಕಣ್ರೀ!"

"ಹೌದು. ಇನ್ಯಾರೂ ಇಳಿಸಲ್ಲ," ಎಂದು ಅವನು ಬೆಂಚಿನ ಮೇಲೆ ಕುಸಿದ. ಸಂತೋಷಕ್ಕೆ ಎಂದುಕೊಂಡು ಅವಳು ಪೇಢಾ ತರಲು ಓಡಿದಳು.

ಹಯವದನನ ಕಣ್ಣಿಗೆ ಏನೂ ಆಗಿರಲಿಲ್ಲ. ಹೋದ ವರ್ಷ ಸೂರತ್ ದಾಟಿದ ಮೇಲೆ ಹಳಿಯ ನಡುವೆ ನಿಂತು ತನ್ನನ್ನೇ ನೋಡಿದ ಹುಡುಗಿಯ ದುಪಟ್ಟಾ ಹಸಿರು, ಅದರ ಅಂಚು ಮಾತ್ರ ನೀಲಿ ಎಂಬುದು ಅಷ್ಟು ದೂರದಿಂದಲೂ ಅವನಿಗೆ ಕಂಡಿತ್ತು. ಎಷ್ಟು ಬ್ರೇಕು ಒತ್ತಿದರೂ ಗಾಡಿ ಅವಳ ಮುಂದೆ ನಿಂತಿರಲಿಲ್ಲ. ಹೆದರಿಕೆಯಾಗುತ್ತದೆ ಎಂದು ಯಾರ ಬಳಿಯೂ ಹೇಳಲಾರದೆ, ಮತ್ತೆಂದೂ ಆ ಇಂಜಿನ್ ಹತ್ತಬಾರದೆಂದು, ಅವನು ಹನ್ನೊಂದು ದಿನ ಚಿಲಕ ಹಾಕಿಕೊಂಡು ಕಣ್ಣಿನ ಪರೀಕ್ಷೆಯಲ್ಲಿ ಸೋಲುವುದನ್ನು ಕಲಿತಿದ್ದ.